ಹುಟ್ಟು ತೂಕ ಮತ್ತು ಆಟಿಸಂ: ತಾಯಿ ಕಾರ್ಡಿನ ಒಂದು ಅಂಕಿಯ ಹೊಣೆ



ಹೆರಿಗೆಯಾದೊಡನೆ ಮೂರು ಸಂಗತಿಗಳನ್ನು ಬರೆದುಕೊಳ್ಳುವುದು ನಮ್ಮ ಆಸ್ಪತ್ರೆಗಳ ರೂಢಿ: ಮಗು ಗಂಡೋ ಹೆಣ್ಣೋ, ಹುಟ್ಟಿದ ಹೊತ್ತು ಯಾವುದು, ತೂಕ ಎಷ್ಟು. ಮೊದಲನೆಯದು ಫೋನಿನಲ್ಲಿ ನೆಂಟರಿಷ್ಟರಿಗೆಲ್ಲ ತಲುಪುತ್ತದೆ. ಎರಡನೆಯದು ಜಾತಕ ಬರೆಯುವವರ ಕೈ ಸೇರುತ್ತದೆ. ಮೂರನೆಯದು ತಾಯಿ ಕಾರ್ಡಿನ ಒಂದು ಚೌಕದಲ್ಲಿ ಕುಳಿತು, ಚುಚ್ಚುಮದ್ದುಗಳ ಸಾಲು ಮುಗಿಯುವ ಹೊತ್ತಿಗೆ ಕಾರ್ಡಿನ ಜೊತೆಗೇ ಬೀರು ಸೇರುತ್ತದೆ. ಇಂದಿನ ಉಪನ್ಯಾಸದ ವಿಷಯ ಆ ಮೂರನೆಯ ಅಂಕಿ. ಸಣ್ಣದಾಗಿ ಹುಟ್ಟಿದ ಮಕ್ಕಳಲ್ಲಿ ಆಟಿಸಂ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ ಎಂದು ಹಲವು ದೇಶಗಳ ಸಂಶೋಧನೆಗಳು ಹೇಳುತ್ತಿವೆ. ಈ ಮಾತು ಎಷ್ಟರ ಮಟ್ಟಿಗೆ ನಿಜ, ನಿಜವಾದರೆ ಅದರಿಂದ ಯಾವ ತೀರ್ಮಾನಕ್ಕೆ ಬರಬಹುದು, ಯಾವ ತೀರ್ಮಾನಕ್ಕೆ ಬರಕೂಡದು, ನಂಜನಗೂಡು ಮತ್ತು ಟಿ. ನರಸೀಪುರದಂಥ ತಾಲ್ಲೂಕುಗಳಲ್ಲಿ ಅದನ್ನು ಹೇಗೆ ಬಳಸಿಕೊಳ್ಳಬೇಕು ಎಂಬ ಪ್ರಶ್ನೆಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ನನ್ನ ವಾದವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಹುಟ್ಟು ತೂಕ ಯಾವ ಮಗುವಿನ ಭವಿಷ್ಯವನ್ನೂ ಹೇಳಲಾರದು, ಆದರೆ ಯಾವ ಮಗುವನ್ನು ಎರಡು ವರ್ಷ ತುಂಬುವವರೆಗೆ ನಾವು ಕಣ್ಣಿಟ್ಟು ನೋಡುತ್ತಿರಬೇಕು ಎಂಬುದನ್ನು ಅದು ಹುಟ್ಟಿದ ದಿನವೇ ಹೇಳಬಲ್ಲದು. ಆ ಮಾಹಿತಿ ಈಗ ನಮ್ಮ ಕೈಯಲ್ಲಿದ್ದೂ ಬಳಕೆಗೆ ಬಾರದೆ ಹೋಗುತ್ತಿದೆ.

ಆಟಿಸಂ ಎಂದರೆ ಮಗುವಿನ ಮಿದುಳು ಬೆಳೆಯುವ ಬಗೆಯಲ್ಲೇ ಇರುವ ಒಂದು ಭಿನ್ನತೆ. 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ಕುರಿತು ಬರೆದ ಲೇಖನದಿಂದ ವೈದ್ಯಲೋಕದಲ್ಲಿ ಅದರ ಚರ್ಚೆ ಗಟ್ಟಿಯಾಗಿ ಮೊದಲಾಯಿತು. ಇತರರೊಡನೆ ಬೆರೆಯುವುದರಲ್ಲಿ, ಮಾತು ಮತ್ತು ಸನ್ನೆಗಳಲ್ಲಿ ತೊಡಕು. ಒಂದೇ ಬಗೆಯ ಚಲನೆ, ಆಟ, ಆಸಕ್ತಿಗಳ ಪುನರಾವರ್ತನೆ. ಸದ್ದು, ಬೆಳಕು, ಸ್ಪರ್ಶ, ರುಚಿಗಳಿಗೆ ಅತಿಯಾದ ಅಥವಾ ತೀರ ಕಡಿಮೆಯಾದ ಸ್ಪಂದನೆ: ಇವು ಅದರ ಮುಖ್ಯ ಲಕ್ಷಣಗಳು. ಮನೆಯ ಮಟ್ಟದಲ್ಲಿ ಇದು ಹೇಗೆ ಕಾಣುತ್ತದೆ ಎಂಬುದನ್ನು ನೋಡಿ. ವರ್ಷ ತುಂಬುವ ಹೊತ್ತಿಗೆ ಸಾಮಾನ್ಯವಾಗಿ ಮಗು ಹೆಸರು ಕರೆದರೆ ತಿರುಗುತ್ತದೆ. ಅಜ್ಜಿ ಬೆರಳು ಚಾಚಿ ‘ಅಗೋ ಕಾಗೆ’ ಎಂದರೆ ಬೆರಳನ್ನು ನೋಡದೆ ಕಾಗೆಯತ್ತ ನೋಡುತ್ತದೆ; ಕಾಗೆಯನ್ನು ಕಂಡು ಮತ್ತೆ ಅಜ್ಜಿಯ ಮುಖ ನೋಡಿ ನಗುತ್ತದೆ. ಇನ್ನು ಕೆಲವು ತಿಂಗಳಲ್ಲಿ ತಾನೇ ಬೆರಳು ಚಾಚಿ ತೋರಿಸುತ್ತದೆ. ತಾನು ಕಂಡದ್ದನ್ನು ಇನ್ನೊಬ್ಬರೂ ಕಾಣಲಿ ಎಂಬ ಈ ಹಂಚಿಕೊಳ್ಳುವಿಕೆಯೇ ಮುಂದಿನ ಮಾತಿಗೆಲ್ಲ ಬುನಾದಿ. ಆಟಿಸಂ ಇರುವ ಅನೇಕ ಮಕ್ಕಳಲ್ಲಿ ಇದು ತಡವಾಗುತ್ತದೆ, ಇಲ್ಲವೇ ಬೇರೆ ದಾರಿ ಹಿಡಿಯುತ್ತದೆ. ಮಗು ಬೇಕಾದ ವಸ್ತುವಿನ ಬಳಿಗೆ ದೊಡ್ಡವರ ಕೈಹಿಡಿದು ಎಳೆದೊಯ್ಯಬಹುದು, ಆದರೆ ಅವರ ಮುಖ ನೋಡದಿರಬಹುದು. ಬಾಟಲಿ ಮುಚ್ಚಳಗಳನ್ನು ಸಾಲಾಗಿ ಜೋಡಿಸುವುದರಲ್ಲಿ ಗಂಟೆಗಟ್ಟಲೆ ಮುಳುಗಿರಬಹುದು. ಈ ಲಕ್ಷಣಗಳು ಹದಿನೆಂಟರಿಂದ ಇಪ್ಪತ್ತನಾಲ್ಕು ತಿಂಗಳ ನಡುವೆ ಅರಿತವರ ಕಣ್ಣಿಗೆ ಸ್ಪಷ್ಟವಾಗುತ್ತವೆ. ಈ ವಯಸ್ಸನ್ನು ತಾವು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ. ನನ್ನ ವಾದದ ಕೀಲು ಅಲ್ಲಿದೆ.

ಇನ್ನು ‘ಸಣ್ಣದಾಗಿ ಹುಟ್ಟುವುದು’ ಎಂದರೇನು? ಪ್ರಪಂಚದಾದ್ಯಂತ 2,500 ಗ್ರಾಂಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗು ಎನ್ನುತ್ತಾರೆ; 1,500 ಗ್ರಾಂಗಿಂತ ಕೆಳಗಿದ್ದರೆ ಅತಿ ಕಡಿಮೆ ತೂಕ. ಆದರೆ ಈ ಗೆರೆ ಎರಡು ಬೇರೆ ಬೇರೆ ಸ್ಥಿತಿಗಳನ್ನು ಒಂದೇ ಬುಟ್ಟಿಗೆ ಹಾಕುತ್ತದೆ. ಮೂವತ್ತೇಳು ವಾರ ತುಂಬುವ ಮೊದಲೇ ಹುಟ್ಟಿದ ಮಗು ಸಣ್ಣದಾಗಿರುವುದು ಸಹಜ. ಬೆಳೆಯಲು ಅದಕ್ಕೆ ಕಾಲವೇ ಸಾಲಲಿಲ್ಲ. ದಿನ ತುಂಬಿ ಹುಟ್ಟಿಯೂ ಸಣ್ಣದಾದ ಮಗುವಿನ ಕತೆ ಬೇರೆ. ಅದಕ್ಕೆ ಕಾಲವಿತ್ತು, ಗರ್ಭದಲ್ಲಿ ಪೋಷಣೆ ಸಾಲದೆ ಹೋಗಿರಬಹುದು. ಮೂರನೆಯ ಒಂದು ಗುಂಪೂ ಇದೆ: ತಾಯಿತಂದೆಯರೇ ಸಣ್ಣ ಮೈಕಟ್ಟಿನವರು, ಮಗುವೂ ಹಾಗೆಯೇ, ಅದಕ್ಕೆ ಏನೂ ಕೊರತೆಯಾಗಿಲ್ಲ. ಈ ಮೂರೂ ಮಕ್ಕಳು ತಕ್ಕಡಿಯ ಮೇಲೆ 2,200 ಗ್ರಾಂ ತೋರಬಹುದು. ಆದ್ದರಿಂದ ತಜ್ಞರು ತೂಕವನ್ನು ಗರ್ಭದ ವಾರದ ಜೊತೆಗಿಟ್ಟು ನೋಡುತ್ತಾರೆ. ಅದೇ ವಾರದಲ್ಲಿ ಹುಟ್ಟುವ ನೂರು ಮಕ್ಕಳಲ್ಲಿ ತೀರ ಹಗುರವಾದ ಹತ್ತರೊಳಗೆ ಬಿದ್ದರೆ ವಾರಕ್ಕೆ ತಕ್ಕ ಬೆಳವಣಿಗೆ ಇಲ್ಲ ಎಂದು ಗುರುತಿಸುತ್ತಾರೆ. ವಾರದ ಲೆಕ್ಕವಿಲ್ಲದ ತೂಕ ಅರ್ಧ ಸತ್ಯ ಮಾತ್ರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತೂಕ ದಾಖಲಾದ ಮಕ್ಕಳಲ್ಲಿ ಸುಮಾರು ಶೇ. 18ರಷ್ಟು 2,500 ಗ್ರಾಂಗಿಂತ ಕಡಿಮೆ ಇದ್ದವು. ಹೆಚ್ಚುಕಡಿಮೆ ಐದಾರು ಮಕ್ಕಳಲ್ಲಿ ಒಂದು. ಪ್ರಶ್ನೆ ಸಣ್ಣದಲ್ಲ.

ಹುಟ್ಟಿದ ದಿನದ ಅಳತೆಗೂ ಮುಂದಿನ ಬದುಕಿಗೂ ನಂಟಿದೆ ಎಂಬ ಚಿಂತನೆಯಲ್ಲಿ ಮೈಸೂರಿಗೆ ಒಂದು ವಿಶೇಷ ಸ್ಥಾನವಿದೆ. 1906ರಲ್ಲಿ ಆರಂಭವಾದ, ಮೈಸೂರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಪ್ರತಿ ಹೆರಿಗೆಯಲ್ಲೂ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡಲಾಗಿತ್ತು. ಬರೆದವರಿಗೆ ಅದು ದಿನನಿತ್ಯದ ಕೆಲಸ. ಆದರೆ ಅರ್ಧ ಶತಮಾನದ ನಂತರ, ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಅವರ ಚಿಂತನೆಯ ಜಾಡಿನಲ್ಲಿ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ಸಂಶೋಧಕರು ಆ ದಾಖಲೆಗಳಲ್ಲಿದ್ದ ಮಕ್ಕಳನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದರು. ಸಣ್ಣದಾಗಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಎಂಬ ಅವರ ವರದಿ 1996ರಲ್ಲಿ ಪ್ರಕಟವಾಗಿ ಜಗತ್ತಿನ ಗಮನ ಸೆಳೆಯಿತು. 1997–98ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರನ್ನು ಸೇರಿಸಿಕೊಂಡು ‘ಪಾರ್ಥೆನಾನ್’ ಎಂಬ ಇನ್ನೊಂದು ದೀರ್ಘ ಅಧ್ಯಯನ ಶುರುವಾಯಿತು. ಆ ಮಕ್ಕಳಿಗೆ ಒಂಬತ್ತು–ಹತ್ತು ವರ್ಷವಾದಾಗ ನೆನಪು, ತರ್ಕ, ಕಲಿಕೆಯ ಪರೀಕ್ಷೆಗಳನ್ನು ಮಾಡಲಾಯಿತು. ಹುಟ್ಟುವಾಗ ತೂಕ ಮತ್ತು ತಲೆಯ ಸುತ್ತಳತೆ ಹೆಚ್ಚಿದ್ದ ಮಕ್ಕಳ ಅಂಕ ತುಸು ಮೇಲಿತ್ತು. ಮನೆಯ ಸ್ಥಿತಿಗತಿ, ತಾಯಿತಂದೆಯರ ಓದು ಇವುಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಆ ಸಂಬಂಧ ಉಳಿಯಿತು. ಈ ಅಧ್ಯಯನಗಳ ಮುಖ್ಯ ಗುರಿ ಹೃದಯ ಮತ್ತು ಮಧುಮೇಹ. ಆಟಿಸಂ ಅವುಗಳ ಪ್ರಶ್ನೆಯಾಗಿರಲಿಲ್ಲ. ಆದರೂ ಅವು ಎರಡು ಪಾಠ ಕಲಿಸುತ್ತವೆ. ಗರ್ಭದ ಬೆಳವಣಿಗೆ ಮಿದುಳಿನ ಮೇಲೆ ಗುರುತು ಬಿಡುತ್ತದೆ ಎಂಬುದು ನಮ್ಮ ನೆಲದಲ್ಲೇ ಕಂಡ ಸತ್ಯ ಎಂಬುದು ಒಂದು. ಹುಟ್ಟಿದ ದಿನ ಶ್ರದ್ಧೆಯಿಂದ ಬರೆದ ಅಂಕಿ ಎಷ್ಟೋ ವರ್ಷಗಳ ಮೇಲೂ ಬೆಲೆ ತರುತ್ತದೆ ಎಂಬುದು ಇನ್ನೊಂದು.

ಆಟಿಸಂ ಕುರಿತ ನೇರ ಪುರಾವೆಗೆ ಬರೋಣ. ಅಮೆರಿಕದ ನ್ಯೂಜೆರ್ಸಿಯಲ್ಲಿ 1980ರ ದಶಕದ ನಡುವೆ 2,000 ಗ್ರಾಂಗಿಂತ ಕಡಿಮೆ ತೂಕವಿದ್ದು ಹುಟ್ಟಿದ ಮಕ್ಕಳನ್ನು ಇಪ್ಪತ್ತೊಂದರ ವಯಸ್ಸಿನವರೆಗೆ ಹಿಂಬಾಲಿಸಿದ ಅಧ್ಯಯನದಲ್ಲಿ ಸುಮಾರು ಶೇ. 5ರಷ್ಟು ಮಂದಿಯಲ್ಲಿ ಆಟಿಸಂ ಕಂಡುಬಂತು. ದಿನ ತುಂಬದೆ ಹುಟ್ಟಿದವರ ಹದಿನೆಂಟು ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯಲ್ಲಿ ಇದು ಶೇ. 7; ಆದರೆ ಅಲ್ಲಿದ್ದವು ಬಹುಪಾಲು ಒಂದು ಕಿಲೋ ಆಸುಪಾಸಿನ ಕೂಸುಗಳು ಎಂಬುದನ್ನು ಮರೆಯಬಾರದು. ಎಲ್ಲಕ್ಕಿಂತ ವಿಸ್ತಾರವಾದದ್ದು ಸ್ವೀಡನ್ನಿನ ಲೆಕ್ಕ. 1973ರಿಂದ 2013ರವರೆಗೆ ಹುಟ್ಟಿದ ನಲವತ್ತು ಲಕ್ಷಕ್ಕೂ ಹೆಚ್ಚು ಜನರ ದಾಖಲೆ ಅದು. ಇಪ್ಪತ್ತೆಂಟು ವಾರಕ್ಕೂ ಮುಂಚೆ ಹುಟ್ಟಿದವರಲ್ಲಿ ಶೇ. 6.1, ಇಪ್ಪತ್ತೆಂಟರಿಂದ ಮೂವತ್ತಮೂರು ವಾರದವರಲ್ಲಿ 2.6, ಮೂವತ್ತನಾಲ್ಕರಿಂದ ಮೂವತ್ತಾರರವರಲ್ಲಿ 1.9, ದಿನ ತುಂಬಿ ಮೂವತ್ತೊಂಬತ್ತು ವಾರ ಕಳೆದವರಲ್ಲಿ 1.4. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಈ ಸಾಲು ಬರಿಯ ಆಕಸ್ಮಿಕವಾಗಿರಲಾರದು. ನಮ್ಮ ದೇಶದಲ್ಲೂ ಹಿಮಾಚಲದಿಂದ ಗೋವಾದವರೆಗೆ ಐದು ಕಡೆ ಎರಡರಿಂದ ಒಂಬತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಆಟಿಸಂ ಸೇರಿದಂತೆ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ತೊಂದರೆಗಳನ್ನು ಅದು ಒಟ್ಟಾಗಿ ನೋಡಿತು. ಅವುಗಳ ಜೊತೆ ಕಾಣಿಸಿಕೊಂಡ ಅಂಶಗಳೆಂದರೆ ಕಡಿಮೆ ತೂಕ ಅಥವಾ ಅವಧಿಪೂರ್ವ ಜನನ, ಹೆರಿಗೆಯ ಹೊತ್ತಿನಲ್ಲಿ ಉಸಿರು ಕಟ್ಟುವುದು, ಮನೆಯಲ್ಲಿ ಹೆರಿಗೆ, ಎಳೆಗೂಸಿನ ಕಾಯಿಲೆ ಮೊದಲಾದವು.

ಈ ಅಂಕಿಗಳನ್ನು ಓದುವ ಕ್ರಮ ಮುಖ್ಯ. ‘ಎರಡು ಪಟ್ಟು ಅಪಾಯ’ ಎಂಬ ಮಾತು ಕಿವಿಗೆ ಬಿದ್ದರೆ ಯಾವ ತಾಯಿಗೂ ಎದೆ ಧಸಕ್ಕೆನ್ನುತ್ತದೆ. ಲೆಕ್ಕಕ್ಕಾಗಿ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಇದು ಸಮೀಕ್ಷೆಯ ಫಲವಲ್ಲ, ಬರಿಯ ಊಹೆ. ಸಾವಿರ ಮಕ್ಕಳು ಹುಟ್ಟಿದವು ಎನ್ನಿ. ಅದರಲ್ಲಿ 180 ಸಣ್ಣವು, 820 ಸಾಧಾರಣ ತೂಕದವು. ಸಾಧಾರಣ ತೂಕದವರಲ್ಲಿ ನೂರಕ್ಕೆ ಒಂದು, ಸಣ್ಣವರಲ್ಲಿ ನೂರಕ್ಕೆ ಎರಡು ಮಕ್ಕಳಿಗೆ ಆಟಿಸಂ ಎಂದು ಇಟ್ಟುಕೊಂಡರೆ, ಸಣ್ಣವರ ಗುಂಪಿನಲ್ಲಿ ಸುಮಾರು ನಾಲ್ಕು, ಉಳಿದವರಲ್ಲಿ ಸುಮಾರು ಎಂಟು ಮಕ್ಕಳು ಸಿಗುತ್ತವೆ. ಅಂದರೆ ಸಣ್ಣದಾಗಿ ಹುಟ್ಟಿದ 180ರಲ್ಲಿ 176 ಮಕ್ಕಳಿಗೆ ಆಟಿಸಂ ಇಲ್ಲ. ಆಟಿಸಂ ಇರುವ ಹನ್ನೆರಡರಲ್ಲಿ ಎಂಟು ಮಕ್ಕಳು ಚೆನ್ನಾಗಿ ತೂಕವಿದ್ದೇ ಹುಟ್ಟಿದವು. ಹೋಲಿಕೆಗೆ ಹೇಳುವುದಾದರೆ, ಅಣ್ಣನಿಗೋ ಅಕ್ಕನಿಗೋ ಆಟಿಸಂ ಇರುವ ಮನೆಯಲ್ಲಿ ಮುಂದಿನ ಮಗುವಿಗೂ ಅದು ಬರುವ ಸಾಧ್ಯತೆ ಹೆಚ್ಚುಕಡಿಮೆ ಐದರಲ್ಲಿ ಒಂದು ಎಂದು ಅಮೆರಿಕ–ಕೆನಡಾಗಳ ಅಧ್ಯಯನಗಳು ತೋರಿಸಿವೆ. ತೂಕ ಅಷ್ಟು ಬಲವಾದ ಸೂಚನೆ ಅಲ್ಲವೇ ಅಲ್ಲ. ಈ ಲೆಕ್ಕದಿಂದ ಎರಡು ಎಚ್ಚರಿಕೆ ಹುಟ್ಟುತ್ತವೆ. ತೂಕ ನೋಡಿ ಯಾವ ಮಗುವಿಗೂ ಹಣೆಪಟ್ಟಿ ಹಚ್ಚಬಾರದು. ತೂಕ ಚೆನ್ನಾಗಿತ್ತೆಂದು ಯಾವ ಮಗುವನ್ನೂ ಅಲಕ್ಷಿಸಬಾರದು.

ಇಲ್ಲಿ ಮೊದಲ ಆಕ್ಷೇಪವನ್ನು ಎದುರಿಸಬೇಕು. ಆಟಿಸಂನಲ್ಲಿ ವಂಶವಾಹಿಗಳ ಪಾಲು ಬಹು ದೊಡ್ಡದು. ಐದು ದೇಶಗಳ ದಾಖಲೆಗಳನ್ನು ಆಧರಿಸಿದ 2019ರ ಅಧ್ಯಯನ ಅದನ್ನು ಸುಮಾರು ಶೇ. 80 ಎಂದು ಅಂದಾಜಿಸಿದೆ. ಹಾಗಿದ್ದರೆ ಮಗು ಸಣ್ಣದಾಗಲು ಕಾರಣವಾದ ವಂಶವಾಹಿಯೇ ಆಟಿಸಂಗೂ ಕಾರಣವಾಗಿರಬಹುದಲ್ಲವೆ, ತೂಕ ಬರಿಯ ನೆರಳಾಗಿರಬಹುದಲ್ಲವೆ ಎಂದು ಕೇಳಬಹುದು. ಸೋದರ ಸಂಬಂಧದ ಮದುವೆಗಳು ಇನ್ನೂ ಬಳಕೆಯಲ್ಲಿರುವ ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ಇನ್ನಷ್ಟು ತೂಕವಿದೆ. ಇದಕ್ಕೆ ಉತ್ತರ ಹುಡುಕಲು ಸಂಶೋಧಕರು ಒಡಹುಟ್ಟಿದವರನ್ನೇ ಹೋಲಿಸಿದರು. ಒಂದೇ ತಾಯಿತಂದೆ, ಒಂದೇ ಮನೆ. ಒಂದು ಮಗು ದಿನ ತುಂಬಿ ಹುಟ್ಟಿದೆ, ಇನ್ನೊಂದು ತುಂಬದೆ. ಸ್ವೀಡನ್ನಿನ ಲೆಕ್ಕದಲ್ಲಿ ಈ ಹೋಲಿಕೆಯ ನಂತರವೂ ಸಂಬಂಧ ಬಹುಮಟ್ಟಿಗೆ ಉಳಿಯಿತು. 2012ರ ಇನ್ನೊಂದು ಸ್ವೀಡಿಷ್ ಅಧ್ಯಯನ ಅವಳಿಗಳನ್ನು ನೋಡಿತು. ಅವಳಿಗಳಿಗೆ ಗರ್ಭದ ವಾರವೂ ಒಂದೇ. ಇಬ್ಬರ ತೂಕದಲ್ಲಿ 400 ಗ್ರಾಂ ಅಥವಾ ಶೇ. 15ರಷ್ಟು ಅಂತರವಿದ್ದ ಜೋಡಿಗಳಲ್ಲಿ ಹಗುರವಾದ ಮಗುವಿಗೆ ಆಟಿಸಂ ಇರುವ ಸಾಧ್ಯತೆ ಮೂರು ಪಟ್ಟಿಗೂ ಹೆಚ್ಚು ಕಂಡಿತು. ಆದ್ದರಿಂದ ವಂಶವಾಹಿ ಎಲ್ಲವನ್ನೂ ವಿವರಿಸುವುದಿಲ್ಲ. ಗರ್ಭದ ಪೋಷಣೆಗೂ ಒಂದು ಪಾಲಿದೆ. ಹಾಗೆಂದು ಒಂದು ಮಗುವಿನಲ್ಲಿ ಯಾವುದು ಎಷ್ಟು ಎಂದು ಬೇರ್ಪಡಿಸಿ ಹೇಳುವುದು ಸಾಧ್ಯವಿಲ್ಲ. ತಿರುಮಕೂಡಲಿನ ಸಂಗಮ ದಾಟಿದ ಮೇಲೆ ಒಂದು ಬೊಗಸೆ ನೀರನ್ನೆತ್ತಿ ಇದರಲ್ಲಿ ಕಪಿಲೆಯದೆಷ್ಟು, ಕಾವೇರಿಯದೆಷ್ಟು ಎಂದು ಕೇಳಿದಂತೆ ಅದು.

ಈ ಸಂಬಂಧದ ಹಿಂದಿನ ಶರೀರಶಾಸ್ತ್ರ ಅರ್ಥವಾಗದಂಥದ್ದೇನಲ್ಲ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಮಿದುಳು ಬೆಳೆಯುವ ವೇಗ ಬೆರಗು ಹುಟ್ಟಿಸುವಂಥದ್ದು. ಅದರ ಮೇಲ್ಮೈ ಮಡಿಕೆ ಮಡಿಕೆಯಾಗುವುದು, ಭಾಗಗಳನ್ನು ಜೋಡಿಸುವ ನರತಂತುಗಳು ಹೆಣೆದುಕೊಳ್ಳುವುದು ಬಹುಪಾಲು ಆಗಲೇ. ಬೇಗ ಹುಟ್ಟಿದ ಮಗು ಈ ಕೆಲಸವನ್ನು ಗರ್ಭದ ಹೊರಗೆ, ಯಂತ್ರಗಳ ಸದ್ದುಬೆಳಕಿನ ನಡುವೆ, ಸೋಂಕು, ಉರಿಯೂತ, ಆಮ್ಲಜನಕದ ಏರಿಳಿತಗಳ ನಡುವೆ ಮುಗಿಸಿಕೊಳ್ಳಬೇಕು. ಮಾಸು, ಅಂದರೆ ಪ್ಲಾಸೆಂಟಾ, ಸರಿಯಾಗಿ ಕೆಲಸ ಮಾಡದಿದ್ದರೆ ದಿನ ತುಂಬಿದ ಮಗುವಿಗೂ ಆಹಾರ, ಆಮ್ಲಜನಕ ಎರಡೂ ಸಾಲದಾಗುತ್ತವೆ. ಇನ್ನೊಂದು ಮಾತು. 2013ರಲ್ಲಿ ಸ್ಟಾಕ್‌ಹೋಮ್‌ನ ಮಕ್ಕಳನ್ನು ಕುರಿತು ಪ್ರಕಟವಾದ ಅಧ್ಯಯನದಲ್ಲಿ ತೀರ ಸಣ್ಣ ಮಕ್ಕಳಲ್ಲಿ ಮಾತ್ರವಲ್ಲದೆ ತೀರ ದಪ್ಪಗೆ ಹುಟ್ಟಿದವರಲ್ಲೂ ಆಟಿಸಂ ತುಸು ಹೆಚ್ಚೆಂದು ಕಂಡಿತು. ಗರ್ಭದ ಬೆಳವಣಿಗೆ ಯಾವ ಕಡೆಗೆ ಹಳಿ ತಪ್ಪಿದರೂ ಮಿದುಳಿಗೆ ಅದು ತಿಳಿಯುತ್ತದೆ ಎಂದು ಇದರ ಅರ್ಥ. ರಕ್ತಹೀನತೆ ಮತ್ತು ಗರ್ಭಿಣಿಯರ ಸಕ್ಕರೆ ಕಾಯಿಲೆ ಎರಡೂ ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಬೀದಿಯಲ್ಲಿ ಇರುವ ಮೈಸೂರು ಸೀಮೆಗೆ ಇದು ತೀರ ಹತ್ತಿರದ ಮಾತು.

ಎರಡನೆಯ ಆಕ್ಷೇಪ ನನ್ನ ದೃಷ್ಟಿಯಲ್ಲಿ ಹೆಚ್ಚು ಗಂಭೀರವಾದದ್ದು. ಸ್ವೀಡನ್ನಿನ ಸಣ್ಣ ಮಗು ಬೇರೆ, ನಂಜನಗೂಡಿನ ಸಣ್ಣ ಮಗು ಬೇರೆ. ಅಲ್ಲಿ ಸಣ್ಣದಾಗಿ ಹುಟ್ಟುವವು ಹೆಚ್ಚಾಗಿ ಅವಧಿಗೆ ಮುನ್ನ ಹುಟ್ಟಿದವು. ನಮ್ಮಲ್ಲಿ ದಿನ ತುಂಬಿಯೂ ಸಣ್ಣದಾಗಿ ಹುಟ್ಟುವವುಗಳ ಪಾಲು ದೊಡ್ಡದು. ಅದರ ಹಿಂದೆ ತಾಯಿಯ ಅಪೌಷ್ಟಿಕತೆ, ರಕ್ತಹೀನತೆ, ಎಳೆ ವಯಸ್ಸಿನ ಬಸುರು, ಹೆರಿಗೆಯ ಹಿಂದಿನ ವಾರದವರೆಗೂ ಬಿಡದ ಗದ್ದೆ ಕೆಲಸ ಇವೆ. ಮೈಸೂರಿನ ಪಾರ್ಥೆನಾನ್ ಅಧ್ಯಯನದ ದಿನ ತುಂಬಿದ ಕೂಸುಗಳು ಇಂಗ್ಲೆಂಡಿನ ಕೂಸುಗಳಿಗಿಂತ ಸರಾಸರಿ ಸುಮಾರು ಅರ್ಧ ಕಿಲೋ ಹಗುರವಾಗಿದ್ದವು. ಅಲ್ಲಿಯ ಗೆರೆಯನ್ನು ಇಲ್ಲಿ ಎಳೆದರೆ ಏನೂ ಕೊರತೆಯಿಲ್ಲದ ಎಷ್ಟೋ ಮಕ್ಕಳು ಅದರ ಕೆಳಗೆ ಬೀಳುತ್ತವೆ. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಅದರಿಂದ ಬರುವ ತೀರ್ಮಾನ ಮಾತ್ರ ಬೇರೆ. ಹೊರನಾಡಿನ ಪ್ರಮಾಣಗಳನ್ನು ಇಲ್ಲಿಗೆ ಹಾಗೇ ತರಬಾರದು. ನಮ್ಮ ಮಕ್ಕಳ ಲೆಕ್ಕವನ್ನು ನಾವೇ ಇಡಬೇಕು. ಹಾಗೆ ಲೆಕ್ಕವಿಡಲು ತೂಕದ ಜೊತೆಗೆ ಗರ್ಭದ ವಾರವೂ ಖಚಿತವಾಗಿ ಬೇಕು. ಕೊನೆಯ ಮುಟ್ಟಿನ ದಿನಾಂಕ ನೆನಪಿಲ್ಲದ ಬಸುರಿಗೆ ಮೊದಲ ತಿಂಗಳುಗಳಲ್ಲೇ ಸ್ಕ್ಯಾನ್ ಆಗಿದ್ದರೆ ವಾರ ತಿಳಿಯುತ್ತದೆ, ಕೊನೆಗೆ ಆದರೆ ತಿಳಿಯುವುದು ಕಷ್ಟ. ತೂಕದಲ್ಲೂ ಒಂದು ಸೂಕ್ಷ್ಮವಿದೆ. ನಮ್ಮ ದೇಶದ ಜನನ ತೂಕಗಳ ಪಟ್ಟಿಯಲ್ಲಿ ಸರಿಯಾಗಿ 2.5, ಸರಿಯಾಗಿ 3 ಕಿಲೋ ಎಂಬ ದಾಖಲೆಗಳು ಗುಡ್ಡೆ ಬಿದ್ದಿರುತ್ತವೆ. ತಕ್ಕಡಿಯ ಮುಳ್ಳು 2.4ರ ಆಚೆಗೆ ಆಡುತ್ತಿರುವಾಗ ಬರೆಯುವ ಕೈ 2.5ಕ್ಕೆ ಜಾರುವುದು ಮನುಷ್ಯ ಸಹಜ. ಆದರೆ 2.5 ಎಂದು ಬರೆದೊಡನೆ ಆ ಮಗು ಕಡಿಮೆ ತೂಕದ ಪಟ್ಟಿಯಿಂದ ಹೊರಬೀಳುತ್ತದೆ. ನೂರು ಗ್ರಾಂ ಔದಾರ್ಯ ಮಗುವಿಗೆ ಸಿಗಬೇಕಾದ ನಿಗಾವನ್ನೇ ತಪ್ಪಿಸಬಹುದು.

ಮೂರನೆಯ ಆಕ್ಷೇಪ: ಸಣ್ಣದಾಗಿ ಹುಟ್ಟಿದ ಮಕ್ಕಳನ್ನು ಆಟಿಸಂಗಾಗಿ ಜರಡಿ ಹಿಡಿದರೆ ಸುಳ್ಳು ಗಾಬರಿಯೇ ಹೆಚ್ಚಾಗುವುದಿಲ್ಲವೆ? ಈ ಭಯಕ್ಕೆ ಆಧಾರವಿದೆ. ಅಮೆರಿಕದಲ್ಲಿ ಇಪ್ಪತ್ತೆಂಟು ವಾರಕ್ಕೆ ಮೊದಲು ಹುಟ್ಟಿದ ಮಕ್ಕಳಿಗೆ ಎರಡು ವರ್ಷದಲ್ಲಿ ಪ್ರಶ್ನಾವಳಿ ಬಳಸಿದಾಗ ನೂರಕ್ಕೆ ಇಪ್ಪತ್ತೊಂದು ಮಕ್ಕಳು ‘ಅನುಮಾನ’ದ ಪಟ್ಟಿಗೆ ಬಿದ್ದವು. ಕಣ್ಣು, ಕಿವಿ, ಕೈಕಾಲುಗಳ ಚಲನೆ, ಬುದ್ಧಿಯ ಬೆಳವಣಿಗೆ ಇವುಗಳಲ್ಲಿ ದೊಡ್ಡ ತೊಂದರೆಯಿದ್ದ ಮಕ್ಕಳನ್ನು ಬಿಟ್ಟು ಎಣಿಸಿದಾಗ ಅದು ಹತ್ತಕ್ಕೆ ಇಳಿಯಿತು. ಕಿವಿ ಕೇಳದ ಮಗು ಹೆಸರು ಕರೆದರೆ ತಿರುಗದು. ಕಣ್ಣು ಮಂಜಾದ ಮಗು ಅಜ್ಜಿ ತೋರಿಸಿದ ಕಾಗೆಯನ್ನು ಕಾಣದು. ಹಾಗಾಗಿ ಮೊದಲು ಕಿವಿ ಮತ್ತು ಕಣ್ಣಿನ ಪರೀಕ್ಷೆ, ಆಮೇಲೆ ಬೇರೆಯ ಮಾತು. ಬೇಗ ಹುಟ್ಟಿದ ಮಗುವಿನ ವಯಸ್ಸನ್ನು ಅದು ಹುಟ್ಟಬೇಕಿದ್ದ ದಿನದಿಂದ ಎಣಿಸಬೇಕೆಂಬುದು ಇನ್ನೊಂದು ನಿಯಮ. ಕಿವಿಯ ಪರೀಕ್ಷೆಯ ವಿಷಯದಲ್ಲಿ ನಮ್ಮ ಮೈಸೂರು ಜಿಲ್ಲೆಯಷ್ಟು ಅನುಕೂಲವಿರುವ ಜಿಲ್ಲೆಗಳು ದೇಶದಲ್ಲಿ ಹೆಚ್ಚಿಲ್ಲ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯಲ್ಲೇ ಅದರ ಹೊರಸೇವಾ ಕೇಂದ್ರವಿದೆ. ಎಳೆಗೂಸುಗಳ ಶ್ರವಣ ಪರೀಕ್ಷೆಯಲ್ಲಿ ಅತಿ ಕಡಿಮೆ ತೂಕವನ್ನು ಹೆಚ್ಚಿನ ನಿಗಾ ಬೇಕಾದ ಗುರುತೆಂದು ಪರಿಗಣಿಸುವುದು ಎಂದಿನಿಂದಲೋ ಇರುವ ಪದ್ಧತಿ. ಕಿವಿಗೆ ಒಪ್ಪಿತವಾದ ತರ್ಕವನ್ನು ಮಾತು ಮತ್ತು ಒಡನಾಟಕ್ಕೆ ವಿಸ್ತರಿಸಬೇಕೆಂದಷ್ಟೇ ನಾನು ಕೇಳುತ್ತಿರುವುದು.

ನಾಲ್ಕನೆಯ ಆಕ್ಷೇಪ ನೈತಿಕವಾದದ್ದು. ತೂಕಕ್ಕೂ ಆಟಿಸಂಗೂ ನಂಟಿದೆ ಎಂದು ಊರಲ್ಲಿ ಹೇಳಿದರೆ ಅದು ಕೊನೆಗೆ ಬಂದು ನಿಲ್ಲುವುದು ತಾಯಿಯ ತಲೆಯ ಮೇಲೆ. ‘ಬಸುರಿನಲ್ಲಿ ನೆಟ್ಟಗೆ ಉಣ್ಣಲಿಲ್ಲ’ ಎಂಬ ಮಾತು ಅತ್ತೆಯ ಮನೆಯಲ್ಲಿ ಸಿದ್ಧವಾಗಿಯೇ ಇರುತ್ತದೆ. ಕಳೆದ ಶತಮಾನದ ನಡುವೆ ಪಾಶ್ಚಾತ್ಯ ದೇಶಗಳಲ್ಲಿ ತಾಯಿಯ ಪ್ರೀತಿಯ ಕೊರತೆಯಿಂದ ಆಟಿಸಂ ಬರುತ್ತದೆ ಎಂದು ವಿದ್ವಾಂಸರೇ ಹೇಳಿ ಒಂದು ತಲೆಮಾರಿನ ತಾಯಂದಿರನ್ನು ನೋಯಿಸಿದ ಚರಿತ್ರೆ ನಮ್ಮ ಮುಂದಿದೆ. 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಬರೆದ ಪುಸ್ತಕದ ನಂತರವಷ್ಟೇ ಆ ಸಿದ್ಧಾಂತ ಸಡಿಲವಾಯಿತು. ಅದು ಹೊಸ ವೇಷದಲ್ಲಿ ಮರಳಬಾರದು. ಗರ್ಭಿಣಿ ಏಕೆ ಕಡಿಮೆ ಉಣ್ಣುತ್ತಾಳೆ? ಕೂಸು ದಪ್ಪಗಾದರೆ ಹೆರಿಗೆ ಕಷ್ಟ ಎಂದು ಮನೆಯವರೇ ಹೇಳಿರುತ್ತಾರೆ. ಎಲ್ಲರೂ ಉಂಡ ಮೇಲೆ ಉಳಿದದ್ದು ಅವಳ ಪಾಲು. ಕೂಲಿ ಬಿಟ್ಟರೆ ಆ ದಿನದ ಒಲೆ ಉರಿಯದು. ಹದಿನೆಂಟು ತುಂಬುವ ಮೊದಲೇ ಮದುವೆ ಮಾಡಿದವರು ಅವಳಲ್ಲ. 2017ರಲ್ಲಿ ರಾಜ್ಯ ಸರ್ಕಾರ ಅಂಗನವಾಡಿಗಳಲ್ಲಿ ಗರ್ಭಿಣಿ ಬಾಣಂತಿಯರಿಗೆ ಮಧ್ಯಾಹ್ನದ ಪೂರ್ಣ ಊಟ ಕೊಡುವ ಮಾತೃಪೂರ್ಣ ಯೋಜನೆ ತಂದಾಗ ಅದರೊಳಗಿದ್ದ ತಿಳಿವಳಿಕೆ ಇದೇ: ಬಸುರಿಯ ಊಟ ಸಮಾಜದ ಹೊಣೆ. ಮಗುವಿನ ತೂಕ ಕಡಿಮೆಯಾದರೆ ಉತ್ತರ ಕೊಡಬೇಕಾದವರು ಮನೆ, ಊರು, ಸರ್ಕಾರ ಮೂವರೂ. ಮತ್ತೊಂದು ಮಾತನ್ನೂ ಸ್ಪಷ್ಟಪಡಿಸಬೇಕು. ಗರ್ಭಿಣಿಯರ ಪೋಷಣೆ ಸುಧಾರಿಸಿದರೆ ಆಟಿಸಂ ಇಲ್ಲವಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಮಕ್ಕಳು ಬದುಕಲು, ಬೆಳೆಯಲು, ಕಲಿಯಲು ಅದು ಬೇಕೇ ಬೇಕು. ಅದನ್ನು ಸಮರ್ಥಿಸಲು ಆಟಿಸಂನ ಭಯ ತೋರಿಸಬೇಕಾಗಿಲ್ಲ.

ಈಗ ನನ್ನ ವಾದದ ಕೀಲಿಗೆ ಬರುತ್ತೇನೆ. ಇಂದಿನ ವ್ಯವಸ್ಥೆಯಲ್ಲಿ ಮಗು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ ನಲವತ್ತೆರಡನೆಯ ದಿನದವರೆಗೆ ಆರು ಬಾರಿ ಬಂದು ನೋಡುತ್ತಾರೆ. ಕೂಸನ್ನು ಜೋಲಿಯಲ್ಲಿ ಮಲಗಿಸಿ, ಬಣ್ಣದ ಪಟ್ಟಿಯಿರುವ ತಕ್ಕಡಿಗೆ ಸಿಕ್ಕಿಸಿ ಎತ್ತುತ್ತಾರೆ. ಮುಳ್ಳು ಕೆಂಪಿನಲ್ಲಿದೆಯೋ ಹಳದಿಯಲ್ಲೋ ಹಸಿರಿನಲ್ಲೋ ನೋಡುತ್ತಾರೆ. ಆಮೇಲೆ ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದು ತಿಂಗಳಲ್ಲಿ ಒಂದೊಂದು ಭೇಟಿ. ಅಲ್ಲಿಗೆ ಆ ಸರಣಿ ಮುಗಿಯುತ್ತದೆ. ಮೂರು ವರ್ಷಕ್ಕೆ ಮಗು ಅಂಗನವಾಡಿಯ ಶಾಲಾಪೂರ್ವ ಕಲಿಕೆಗೆ ಕೂರುತ್ತದೆ. ಆಟಿಸಂನ ಲಕ್ಷಣಗಳು ಸ್ಪಷ್ಟವಾಗುವುದು ಹದಿನೆಂಟರಿಂದ ಇಪ್ಪತ್ತನಾಲ್ಕು ತಿಂಗಳಲ್ಲಿ ಎಂದೆನಲ್ಲ. ಸರಿಯಾಗಿ ಆ ಹೊತ್ತಿಗೆ ಮನೆಭೇಟಿ ನಿಂತಿರುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತದೆ, ಅದರ ಪಟ್ಟಿಯಲ್ಲಿ ಆಟಿಸಂ ಕೂಡ ಇದೆ, ನಿಜ. ಆದರೆ ಒಂದೇ ದಿನ ಹಲವಾರು ಮಕ್ಕಳನ್ನು ನೋಡಬೇಕಾದ ತಂಡಕ್ಕೆ, ಯಾವ ಮಗುವನ್ನು ಇನ್ನಷ್ಟು ಹೊತ್ತು ಕೂರಿಸಿಕೊಂಡು ನೋಡಬೇಕು ಎಂದು ಯಾರು ಹೇಳಬೇಕು? ಹೇಳಬೇಕಾದ ಅಂಕಿ ಬೀರುವಿನಲ್ಲಿದೆ. ಇದರ ಮೇಲೆ ನಮ್ಮ ಕಡೆಯ ಇನ್ನೊಂದು ಪದ್ಧತಿ ಸೇರುತ್ತದೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಟಿ. ನರಸೀಪುರದ ಕಡೆಯ ಮಗಳು ಬನ್ನೂರಿನಲ್ಲೋ ಮೂಗೂರಿನಲ್ಲೋ ಬಾಣಂತನ ಮುಗಿಸಿ, ಮೂರನೆಯ ಅಥವಾ ಐದನೆಯ ತಿಂಗಳಲ್ಲಿ ಕೂಸಿನೊಡನೆ ನಂಜನಗೂಡು ತಾಲ್ಲೂಕಿನ ಗಂಡನ ಮನೆಗೆ ಬರುತ್ತಾಳೆ. ತೂಕ ಮಾಡಿದ ಆಶಾ ಒಬ್ಬರು, ಮುಂದೆ ಆ ಮಗುವನ್ನು ನೋಡಬೇಕಾದವರು ಇನ್ನೊಬ್ಬರು. ಮಗು ತಾಲ್ಲೂಕಿನ ಗಡಿ ದಾಟುತ್ತದೆ, ಮಾಹಿತಿ ದಾಟುವುದಿಲ್ಲ.

ಹೀಗಾಗಿ ನನ್ನ ಸೂಚನೆ ಸರಳವಾದದ್ದು. 2,000 ಗ್ರಾಂಗಿಂತ ಕಡಿಮೆ ತೂಕದಲ್ಲಿ, ಇಲ್ಲವೇ ಮೂವತ್ತನಾಲ್ಕು ವಾರಕ್ಕೆ ಮೊದಲು ಹುಟ್ಟಿದ ಮಕ್ಕಳಿಗೆ, ಮತ್ತು ಹುಟ್ಟಿದೊಡನೆ ಮೈಸೂರಿನ ದೊಡ್ಡ ಆಸ್ಪತ್ರೆಗಳ ಎಳೆಗೂಸು ಘಟಕದಲ್ಲಿ ಇರಬೇಕಾಗಿ ಬಂದ ಮಕ್ಕಳಿಗೆ, ಹದಿನೆಂಟು ಮತ್ತು ಇಪ್ಪತ್ತನಾಲ್ಕು ತಿಂಗಳಲ್ಲಿ ಎರಡು ಹೆಚ್ಚುವರಿ ಭೇಟಿಗಳಿರಲಿ. ಈ ಗೆರೆಗಳು ಆರಂಭಕ್ಕಾಗಿ. ಎಲ್ಲರನ್ನೂ ಒಮ್ಮೆಲೇ ನೋಡುವುದು ಆಗದ ಕಡೆ ಎಲ್ಲಿಂದ ತೊಡಗಬೇಕು ಎಂಬುದಕ್ಕಷ್ಟೇ ಇವು ಉತ್ತರ. ಅಣ್ಣನಿಗೋ ಅಕ್ಕನಿಗೋ ಆಟಿಸಂ ಇರುವ ಮಕ್ಕಳನ್ನೂ ಈ ಪಟ್ಟಿಗೆ ಸೇರಿಸಬೇಕು. ತೂಕ ಎಷ್ಟೇ ಇರಲಿ, ತಾಯಿ ‘ಯಾಕೋ ನನ್ನ ಮಗು ಬೇರೆ ಥರ’ ಎಂದರೆ ಆ ಮಾತೇ ಸಾಕು, ಭೇಟಿ ಆಗಬೇಕು. ಆಶಾ ಕಾರ್ಯಕರ್ತೆಯರ ಮೇಲೆ ಈಗಲೇ ಹೊರೆ ಹೆಚ್ಚಾಗಿದೆ ಎಂಬ ಮಾತು ಸತ್ಯ. ಹೆಚ್ಚುವರಿ ಭೇಟಿಗೆ ಹೆಚ್ಚುವರಿ ಗೌರವಧನ ಕೊಡುವುದು ನ್ಯಾಯ. ಒಂದು ಊರಿನಲ್ಲಿ ಇಂಥ ಮಕ್ಕಳು ವರ್ಷಕ್ಕೆ ಬೆರಳೆಣಿಕೆಯಷ್ಟೇ ಇರುವುದರಿಂದ ಅದು ಹೊರಲಾರದ ಖರ್ಚೂ ಅಲ್ಲ.

ಹಣೆಪಟ್ಟಿಯ ಭಯ ಉಳಿಯಿತು. ಮಾತು ತಡವಾದರೆ ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದು’ ಎನ್ನುವ ಮನೆಗಳಿವೆ. ನಂಜುಂಡೇಶ್ವರನಿಗೆ ಹರಕೆ ಹೊತ್ತು ಕಾಯುವ ಮನೆಗಳಿವೆ. ಟಿಪ್ಪುವಿನ ಆನೆಯ ಕಣ್ಣು ವಾಸಿ ಮಾಡಿದನೆಂಬ ಪ್ರತೀತಿಯಿರುವ ಹಕೀಂ ನಂಜುಂಡನಲ್ಲಿ ನಂಬಿಕೆಯಿಟ್ಟವರನ್ನು ಗದರಿಸಿ ಯಾರೂ ಏನನ್ನೂ ಗೆದ್ದಿಲ್ಲ. ಹರಕೆಯೂ ಇರಲಿ, ಕಿವಿಯ ಪರೀಕ್ಷೆಯೂ ಆಗಲಿ ಎಂದರೆ ಯಾವ ಅಜ್ಜಿಯೂ ಬೇಡ ಎನ್ನಲಾರಳು. ಎರಡು ವರ್ಷದ ಮಗುವಿಗೆ ನೆರವು ಕೊಡಲು ಆಟಿಸಂ ಎಂಬ ಹೆಸರು ಖಚಿತವಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ಮಗುವಿನ ಮುಖದ ಮಟ್ಟಕ್ಕೆ ಬಗ್ಗಿ ಮಾತಾಡುವುದು, ಅದು ನೋಡುತ್ತಿರುವುದನ್ನೇ ಹೆಸರಿಸುವುದು, ಅದರ ಆಟದೊಳಕ್ಕೆ ನಾವೇ ಹೋಗುವುದು, ಮೊಬೈಲನ್ನು ದೂರ ಇಡುವುದು: ಇವು ಯಾವ ಮಗುವಿಗೂ ಕೆಡುಕಲ್ಲ. ಮುಂದೆ ಹೆಸರು ಖಚಿತವಾದರೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಗುರುತಿಸಿರುವುದರಿಂದ ಶಾಲೆಯಲ್ಲಿ, ಸೌಲಭ್ಯಗಳಲ್ಲಿ ಆ ಮಗುವಿಗೆ ಹಕ್ಕಿದೆ. ಆಟಿಸಂ ಇರುವ ವ್ಯಕ್ತಿಗಳು ತಮ್ಮನ್ನು ಸರಿಪಡಿಸಬೇಕಾದ ಯಂತ್ರಗಳಂತೆ ಕಾಣಬೇಡಿ ಎಂದು ಇಂದು ತಾವೇ ಹೇಳುತ್ತಿದ್ದಾರೆ. ಬೇಗ ಗುರುತಿಸುವುದರ ಗುರಿಯೂ ಮಗುವನ್ನು ಬದಲಿಸುವುದಲ್ಲ, ಅದರ ಸುತ್ತ ಇರುವವರು ಅದರೊಡನೆ ಮಾತಾಡುವ ಬಗೆಯನ್ನು ಬೇಗ ಕಲಿಯುವುದು.

ಮಹನೀಯರೆ, ನನ್ನ ವಾದವನ್ನು ಕ್ರೋಡೀಕರಿಸುತ್ತೇನೆ. ಸಣ್ಣದಾಗಿ ಹುಟ್ಟುವುದಕ್ಕೂ ಆಟಿಸಂಗೂ ನಂಟಿದೆ. ಒಡಹುಟ್ಟಿದವರ, ಅವಳಿಗಳ ಹೋಲಿಕೆಯಲ್ಲೂ ಅದು ಉಳಿಯುತ್ತದೆ. ಆ ನಂಟು ಯಾವ ಒಂದು ಮಗುವಿನ ಬಗ್ಗೆಯೂ ತೀರ್ಪು ಕೊಡುವಷ್ಟು ಬಲವಾದದ್ದಲ್ಲ. ನಮ್ಮ ಗಮನವನ್ನು ಎಲ್ಲಿಂದ ಆರಂಭಿಸಬೇಕು ಎಂದು ಹೇಳುವಷ್ಟು ಬಲ ಅದಕ್ಕಿದೆ. ತೂಕ ಮತ್ತು ವಾರ ಎರಡನ್ನೂ ಪ್ರಾಮಾಣಿಕವಾಗಿ ಬರೆಯುವುದು, ಮಗು ತವರಿನಿಂದ ಹೊರಟಾಗ ಆ ಎರಡು ಅಂಕಿಗಳು ಗಂಡನ ಮನೆಯ ಊರಿನ ಆಶಾ ಕಾರ್ಯಕರ್ತೆಗೆ ತಲುಪುವಂತೆ ಮಾಡುವುದು, ಹದಿನೆಂಟು ಮತ್ತು ಇಪ್ಪತ್ತನಾಲ್ಕು ತಿಂಗಳಲ್ಲಿ ಮಗುವನ್ನು ನೋಡಿ ಕಿವಿಯ ಪರೀಕ್ಷೆಯಿಂದ ತೊಡಗುವುದು: ಈ ಮೂರಕ್ಕೂ ಹೊಸ ಯಂತ್ರ ಬೇಡ, ಹೊಸ ಕಟ್ಟಡ ಬೇಡ. ಎರಡು ತಾಲ್ಲೂಕುಗಳ ಆರೋಗ್ಯಾಧಿಕಾರಿಗಳು ಮತ್ತು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಒಂದು ಮೇಜಿನ ಸುತ್ತ ಕೂತು ಒಪ್ಪಿದರೆ ಮುಂದಿನ ತಿಂಗಳ ಹೆರಿಗೆಗಳಿಂದಲೇ ಇದನ್ನು ಶುರುಮಾಡಬಹುದು. ಐದು ವರ್ಷ ಹೀಗೆ ಲೆಕ್ಕವಿಟ್ಟರೆ, ನಂಜನಗೂಡಿನ ಸಣ್ಣ ಮಗುವಿನ ಬಗ್ಗೆ ಸ್ವೀಡನ್ನಿನ ಅಂಕಿ ಹಿಡಿದು ಮಾತಾಡುವ ಅಗತ್ಯ ಮುಂದಿನ ಉಪನ್ಯಾಸಕಾರರಿಗೆ ಬಾರದು.